ರಾಯಚೂರು ಹಳಿಯ ಎರಡು ತುದಿ

ಬಾಂಬೆ ಕಡೆಯಿಂದ ಒಂದು ಕಂಪನಿ, ಮದ್ರಾಸ್ ಕಡೆಯಿಂದ ಇನ್ನೊಂದು ಕಂಪನಿ ಹಳಿ ಹಾಕುತ್ತಾ ಬಂದು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಇವತ್ತಿಗೂ ಮುಂಬೈ–ಚೆನ್ನೈ ರೈಲುಗಳು ಕೃಷ್ಣಾ ನದಿ ದಾಟಿ ಬಂದು ರಾಯಚೂರಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗ್ತವೆ. ನಾನು ಹೇಳಹೊರಟಿರೋದು ರೈಲಿನ ವಿಷಯ ಅಲ್ಲ, ಮಕ್ಕಳಿಗೆ ಬರೋ ರಕ್ತದ ಕ್ಯಾನ್ಸರಿನ ವಿಷಯ. ಆದ್ರೆ ಈ ಹಳಿಯನ್ನ ಬಿಟ್ಟು ಆ ಕಥೆ ಹೇಳೋಕೆ ಆಗಲ್ಲ.

ಯಾಕಂದ್ರೆ ಹಳಿಯ ಒಂದು ತುದಿಯಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೆ. ಇನ್ನೊಂದು ತುದಿಯಲ್ಲಿ ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್. ಇವೆರಡೂ ದೆಹಲಿಯ ಏಮ್ಸ್ ಜೊತೆ ಸೇರಿ 1984ರಿಂದ ಒಂದೇ ಚಿಕಿತ್ಸಾ ಪಟ್ಟಿ ಹಿಡಿದು ಕೆಲಸ ಮಾಡಿದವು. ಅದರ ಹೆಸರು ಎಂಸಿಪಿ-841. ಅದಕ್ಕೂ ಮುಂಚೆ ನಮ್ಮ ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಈ ಕಾಯಿಲೆ ಬಂದ ನೂರು ಮಂದಿಯಲ್ಲಿ ನಾಲ್ಕು ವರ್ಷ ಕಾಯಿಲೆ ಮರುಕಳಿಸದೆ ಉಳಿದವರು 20ಕ್ಕಿಂತ ಕಡಿಮೆ. ಪಟ್ಟಿ ಬಂದ ಮೇಲೆ ಆ ಸಂಖ್ಯೆ 45ರಿಂದ 60ಕ್ಕೆ ಏರಿತು. ಇದಕ್ಕಾಗಿ ಒಂದೇ ಒಂದು ಹೊಸ ಔಷಧಿ ಕಂಡುಹಿಡಿಯಲಿಲ್ಲ. ಇದ್ದ ಔಷಧಿಗಳನ್ನೇ ಯಾವ ದಿನ ಯಾವುದು, ಎಷ್ಟು, ಅದರ ಬೆನ್ನಿಗೆ ಏನು ಅಂತ ಕೂತು ಬರೆದರು. ಮಗು ಸೋಂಕಿಗೆ ಸಾಯದಂತೆ ನೋಡಿಕೊಳ್ಳೋದು ಹೇಗೆ ಅಂತ ಕಲಿತರು.

ಹಾಗಾಗಿ ನನಗೆ ಈ ಕಾಯಿಲೆಯ ಚರಿತ್ರೆ ಅದ್ಭುತ ಔಷಧಿಗಳ ಚರಿತ್ರೆಗಿಂತ ಕ್ಯಾಲೆಂಡರಿನ ಚರಿತ್ರೆಯ ಹಾಗೆ ಕಾಣುತ್ತೆ. ಎರಡೂವರೆ ವರ್ಷದ ಕ್ಯಾಲೆಂಡರ್. ಅದರಲ್ಲಿ ಒಂದು ದಿನವೂ ತಪ್ಪಬಾರದು. ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ನೀರಮಾನ್ವಿಯಂಥ ಊರಿನ ಮಗುವಿಗೆ ಈ ಕ್ಯಾಲೆಂಡರ್ ಅಂದ್ರೆ ಏನು ಅನ್ನೋದನ್ನ ಆಮೇಲೆ ನೋಡೋಣ. ಮೊದಲು ಇದು ಎಲ್ಲಿಂದ ಬಂತು ಅಂತ ತಿಳ್ಕೊಳ್ಳೋಣ.

ಕಾಯಿಲೆಯ ಪೂರ್ತಿ ಹೆಸರು ಆಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಡಾಕ್ಟರುಗಳು ಎಎಲ್‌ಎಲ್ ಅಂತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ತಯಾರಾಗ್ತವಲ್ಲ, ಅಲ್ಲಿ ಒಂದು ಜಾತಿಯ ಬಿಳಿ ಕಣ ಬೆಳೆದು ದೊಡ್ಡದಾಗೋದನ್ನ ಬಿಟ್ಟು ತನ್ನಂಥದ್ದನ್ನೇ ಹುಟ್ಟಿಸ್ತಾ ಹೋಗುತ್ತೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಪ್ರೋಗ್ರಾಮ್ ಲೂಪಿಗೆ ಸಿಕ್ಕಿ ಮೆಮೊರಿಯೆಲ್ಲಾ ತಿಂದು ಹಾಕುತ್ತಲ್ಲ, ಹಾಗೆ. ಉಳಿದ ಕಣಗಳಿಗೆ ಜಾಗವೇ ಇರಲ್ಲ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತೆ. ಕೆಲಸ ಮಾಡೋ ಬಿಳಿ ಕಣ ಇಲ್ಲದೆ ಜ್ವರ ಬಿಡಲ್ಲ. ಪ್ಲೇಟ್‌ಲೆಟ್ ಇಲ್ಲದೆ ಮೂಗಲ್ಲಿ, ಒಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ಮಜ್ಜೆ ಉಬ್ಬಿ ಕಾಲು ನೋವು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು, ದೊಡ್ಡವರಿಗೂ ಬರುತ್ತೆ.

ಇದರಲ್ಲಿ ಯಾವ ಲಕ್ಷಣ ನೋಡಿದರೂ ನಮ್ಮ ಕಡೆ ಅದಕ್ಕೆ ಮೊದಲೇ ಒಂದು ಉತ್ತರ ರೆಡಿ ಇರುತ್ತೆ. ಮಗು ಬಿಳಿಚಿಕೊಂಡಿದೆಯಾ? "ಮೈಯಾಗ ರಕ್ತ ಇಲ್ರಿ" ಅಂತ ಕಬ್ಬಿಣದ ಟಾನಿಕ್. ಜ್ವರ ಬಿಡ್ತಿಲ್ವಾ? ಟೈಫಾಯ್ಡ್ ಇರಬೇಕು, ಇಲ್ಲಾ ಡೆಂಗಿ. ಕಾಲು ನೋವಾ? ಬೆಳೆಯೋ ವಯಸ್ಸು. ರಾಯಚೂರು ಅಪೌಷ್ಟಿಕತೆಗೆ, ರಕ್ತಹೀನತೆಗೆ ಹೆಸರಾದ ಜಿಲ್ಲೆ. ಅಂಗನವಾಡಿಯಲ್ಲಿ ಹತ್ತಾರು ಬಿಳಿಚಿದ ಮಕ್ಕಳಿರುವಾಗ ಹನ್ನೊಂದನೆಯದರ ಬಿಳಿಚು ಬೇರೆ ಅಂತ ಯಾರಿಗೆ ಹೊಳೆಯಬೇಕು?

ವಿಚಿತ್ರ ಏನಂದ್ರೆ ಈ ಕಾಯಿಲೆಯ ಮೊದಲ ಔಷಧಿ ಹುಟ್ಟಿದ್ದೂ ಅಂಥದ್ದೇ ರಕ್ತಹೀನತೆಯಿಂದ.

1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಬಟ್ಟೆ ಗಿರಣಿಗಳ ಬಡ ಬಸುರಿ ಹೆಂಗಸರಲ್ಲಿ ಕಾಣಿಸ್ತಿದ್ದ ಒಂದು ಥರದ ತೀವ್ರ ರಕ್ತಹೀನತೆಯನ್ನ ಪರೀಕ್ಷಿಸೋದು ಅವರ ಕೆಲಸ. ಆಮೇಲೆ ಕೂನೂರಿನಲ್ಲಿ, ಮದ್ರಾಸಿನಲ್ಲಿ ಕೆಲಸ ಮಾಡಿದರು. ಅಂದ್ರೆ ಅವರೂ ನಮ್ಮ ಹಳಿಯ ಎರಡು ತುದಿಗಳಲ್ಲೇ ಇದ್ದವರು. ಬ್ರೆಡ್ಡಿಗೆ ಹಚ್ಚೋ ಮಾರ್ಮೈಟ್ ಅನ್ನೋ ಅಗ್ಗದ ಯೀಸ್ಟ್ ಸಾರ ತಿನ್ನಿಸಿದರೆ ಈ ಹೆಂಗಸರ ರಕ್ತ ಸುಧಾರಿಸುತ್ತೆ ಅಂತ 1931ರಲ್ಲಿ ಪ್ರಕಟಿಸಿದರು. ಮಾರ್ಮೈಟಿನೊಳಗೆ ಇದ್ದದ್ದೇನು ಅಂತ ಆಗ ಯಾರಿಗೂ ತಿಳಿದಿರಲಿಲ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನ ಬೇರ್ಪಡಿಸಿದವರು ಫೋಲಿಕ್ ಆಸಿಡ್ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಫೋಲಿಯಂ ಅಂದ್ರೆ ಎಲೆ.

ಅದನ್ನ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಕಂಪನಿ, 1945ರಲ್ಲಿ. ಅಲ್ಲಿನ ಸಂಶೋಧನೆಯ ಮುಖ್ಯಸ್ಥ ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಗಾಂಧಿಯ ಮಾತು ಕೇಳಿ ಖಾದಿ ತೊಟ್ಟು ಸರ್ಜರಿ ಕ್ಲಾಸಿಗೆ ಹೋಗಿ ಪ್ರೊಫೆಸರ ಕಣ್ಣು ಕೆಂಪಗಾಗಿಸಿದರು, ಕೊನೆಗೆ ಪೂರ್ತಿ ಪದವಿಯ ಬದಲು ಕೆಳಗಿನ ದರ್ಜೆಯ ಎಲ್‌ಎಂಎಸ್ ಸಿಕ್ಕಿತು. 1922ರಲ್ಲಿ ಬಾಸ್ಟನ್ನಿಗೆ ಹೋದರು. ಅವರ ಇಬ್ಬರು ಸೋದರರು ಸ್ಪ್ರೂ ಅನ್ನೋ ಕರುಳಿನ ಕಾಯಿಲೆಗೆ ತೀರಿಕೊಂಡಿದ್ದರು. ಫೋಲಿಕ್ ಆಸಿಡ್ ಕೊಟ್ಟರೆ ಸ್ಪ್ರೂ ಹತೋಟಿಗೆ ಬರುತ್ತೆ. ಮನೆಯ ಸಾವಿಗೆ ಉತ್ತರ ಹುಡುಕುತ್ತಾ ಇದ್ದವರ ಕೈಯಲ್ಲಿ ಬೇರೊಂದು ಕಾಯಿಲೆಯ ಮದ್ದು ಹುಟ್ಟಿತು.

ಅದೇ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಇದ್ದರು. ಹೆಣ ಕೊಯ್ದು ಪರೀಕ್ಷೆ ಮಾಡೋ ಪೆಥಾಲಜಿಸ್ಟ್. ಲ್ಯುಕೇಮಿಯಾ ಮಕ್ಕಳಿಗೆ ಫೋಲಿಕ್ ಆಸಿಡ್ ಬಗೆಯ ಮದ್ದು ಕೊಟ್ಟು ನೋಡಿದಾಗ ಕಾಯಿಲೆ ಇನ್ನೂ ಜೋರಾದ ಹಾಗೆ ಅವರಿಗೆ ಕಂಡಿತು. ಹಾಗಾದ್ರೆ ಫೋಲಿಕ್ ಆಸಿಡ್ಡನ್ನ ತಡೆಯೋದು ಕೊಟ್ಟರೆ? ಸುಬ್ಬರಾವ್ ತಂಡ ಅಂಥದ್ದನ್ನೂ ಮಾಡಿಕೊಟ್ಟಿತು. ನೋಡೋಕೆ ಫೋಲಿಕ್ ಆಸಿಡ್ ಥರಾನೇ, ಕಣ ಅದನ್ನ ನಂಬಿ ಒಳಗೆ ಬಿಟ್ಟುಕೊಳ್ಳುತ್ತೆ, ಆಮೇಲೆ ಡಿಎನ್‌ಎ ತಯಾರಿಯೇ ನಿಲ್ಲುತ್ತೆ. ಅಮಿನೋಪ್ಟೆರಿನ್ ಅಂತ ಹೆಸರು. 1947ರ ಡಿಸೆಂಬರ್ ಕೊನೆಯಲ್ಲಿ ಎರಡು ವರ್ಷದ ಒಂದು ಮಗುವಿಗೆ ಮೊದಲು ಕೊಟ್ಟರು. 1948ರ ಜೂನ್‌ನಲ್ಲಿ ಬಂದ ವರದಿ ಹೇಳಿದ್ದು ಇಷ್ಟು: 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಾಣಿಸಿತು, ಆದ್ರೆ ಅದು ತಾತ್ಕಾಲಿಕ. ಸುಬ್ಬರಾವ್ ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಅಮಿನೋಪ್ಟೆರಿನ್ನಿನ ತಮ್ಮ ಮೆಥೋಟ್ರೆಕ್ಸೇಟ್ ಇವತ್ತಿಗೂ ಪ್ರತಿ ಎಎಲ್‌ಎಲ್ ಮಗುವಿನ ಪಟ್ಟಿಯಲ್ಲಿದೆ. ವಾರಕ್ಕೊಂದು ದಿನ ನುಂಗೋ ಅಗ್ಗದ ಮಾತ್ರೆ.

ಒಂದು ಮದ್ದು ಬಂದ ಮೇಲೆ ಉಳಿದವು ಒಂದೊಂದೇ ಬಂದವು. ಸ್ಟೆರಾಯ್ಡ್. 1950ರ ದಶಕದ ಆರಂಭದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ತಯಾರಿಸಿದ 6-ಮರ್ಕ್ಯಾಪ್ಟೋಪ್ಯೂರಿನ್. ಎಲಿಯನ್ ಪಿಎಚ್‌ಡಿ ಮುಗಿಸಲೇ ಇಲ್ಲ, 1988ರಲ್ಲಿ ನೊಬೆಲ್ ಬಂತು. ಕೋಲೈ ಬ್ಯಾಕ್ಟೀರಿಯಾದಿಂದ ತೆಗೆಯೋ ಆಸ್ಪರಾಜಿನೇಸ್. ನನಗೆ ಇವುಗಳಲ್ಲಿ ತುಂಬಾ ಇಷ್ಟದ್ದು ಮಾತ್ರ ವಿಂಕ್ರಿಸ್ಟೀನ್. ಅದು ಬರೋದು ಕಾಶಿ ಕಣಗಿಲೆಯಿಂದ. ನಿತ್ಯಪುಷ್ಪ, ಸದಾಪುಷ್ಪ ಅಂತಲೂ ಕರೀತಾರೆ. ನೀರು ಹಾಕದಿದ್ದರೂ ಬದುಕೋ, ಗುಡಿ ಪಕ್ಕ, ತಿಪ್ಪೆ ಪಕ್ಕ, ಅಪಾರ್ಟ್‌ಮೆಂಟ್ ಬಾಲ್ಕನಿ ಕುಂಡದಲ್ಲಿ ವರ್ಷವಿಡೀ ನೇರಳೆ ಹೂ ಬಿಡೋ ಗಿಡ. ಮೂಲ ಮಡಗಾಸ್ಕರ್. ಜಮೈಕಾದಲ್ಲಿ ಅದರ ಎಲೆ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಕುಡೀತಿದ್ದರು. ಆ ಎಲೆ ಕೆನಡಾಕ್ಕೆ ಬಂದು, ಅಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಹಾಗೆ ಈ ಗಿಡ ಕ್ಯಾನ್ಸರಿನ ಕಡೆ ತಿರುಗಿತು. ಎಲಿ ಲಿಲಿ ಕಂಪನಿ ಅದೇ ಗಿಡದಿಂದ ತೆಗೆದ ವಿಂಕ್ರಿಸ್ಟೀನಿಗೆ 1963ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಗ್ರಾಮ್ ಔಷಧಿಗೆ ನೂರಾರು ಕಿಲೋ ಒಣಗಿದ ಎಲೆ ಬೇಕು. (ಇದನ್ನ ಓದಿ ಯಾರೂ ಕಣಗಿಲೆ ಎಲೆ ಕಷಾಯ ಮಾಡಬೇಡಿ. ಅದು ವಿಷ.)

ಇವುಗಳಲ್ಲಿ ಹೆಚ್ಚಿನವು ಬಂದಿದ್ದರೂ 1960ರ ಆರಂಭದಲ್ಲಿ ಮಕ್ಕಳು ಸಾಯ್ತಲೇ ಇದ್ದರು. ಒಂದು ಔಷಧಿ ಕೊಡೋದು, ಅದು ಸೋತ ಮೇಲೆ ಇನ್ನೊಂದು, ಅದೂ ಸೋತ ಮೇಲೆ ಮತ್ತೊಂದು — ಇದು ಆಗಿನ ಕ್ರಮ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಿಗಳನ್ನ ಒಟ್ಟಿಗೆ ಕೊಟ್ಟರು. ಮಕ್ಕಳಿಗೆ ವಿಷ ಹಾಕ್ತಿದ್ದಾರೆ ಅಂತ ಸಹೋದ್ಯೋಗಿಗಳೇ ಬೈದರು. ರಕ್ತ ಸೋರಿ ಸಾಯದ ಹಾಗೆ ಪ್ಲೇಟ್‌ಲೆಟ್ ಕೊಡೋದನ್ನ ಕಲಿಸಿದ್ದೂ ಫ್ರೈರೈಕ್. ಕಾಯಿಲೆ ರಕ್ತದಿಂದ ಮಾಯವಾಯಿತು. ಕೆಲವು ತಿಂಗಳ ನಂತರ ಮಕ್ಕಳು ತಲೆನೋವು ಅಂತ ವಾಪಸ್ ಬಂದರು. ಔಷಧಿ ಮಿದುಳಿನೊಳಕ್ಕೆ ಹೋಗಲ್ಲ, ಹಾಗಾಗಿ ಕ್ಯಾನ್ಸರ್ ಕಣ ಅಲ್ಲಿ ಹೋಗಿ ಅಡಗಿತ್ತು.

ಅದನ್ನ ಬಿಡಿಸಿದವರು ಡೊನಾಲ್ಡ್ ಪಿಂಕೆಲ್. 1962ರಲ್ಲಿ ಮೆಂಫಿಸ್‌ನಲ್ಲಿ ಶುರುವಾದ ಸೇಂಟ್ ಜೂಡ್ ಆಸ್ಪತ್ರೆಯ ಮೊದಲ ನಿರ್ದೇಶಕ. ಮೊದಲು ರಕ್ತ ಸ್ವಚ್ಛ ಮಾಡು, ಆಮೇಲೆ ಬೆನ್ನುಹುರಿಯ ನೀರಿಗೆ ಮೆಥೋಟ್ರೆಕ್ಸೇಟ್ ಹಾಕಿ ತಲೆಗೆ ವಿಕಿರಣ ಕೊಡು, ಆಮೇಲೆ ಎರಡು ಮೂರು ವರ್ಷ ಮಾತ್ರೆ ನುಂಗಿಸು. ಟೋಟಲ್ ಥೆರಪಿ ಅಂತ ಹೆಸರಿಟ್ಟರು. 1960ರ ದಶಕ ಮುಗಿಯೋ ಹೊತ್ತಿಗೆ ಅರ್ಧದಷ್ಟು ಮಕ್ಕಳು ವಾಸಿಯಾಗ್ತಿದ್ದರು. ವಾಸಿ ಅನ್ನೋ ಪದವನ್ನ ಲ್ಯುಕೇಮಿಯಾ ಜೊತೆ ಅದಕ್ಕೂ ಮುಂಚೆ ಯಾರೂ ಧೈರ್ಯವಾಗಿ ಬಳಸಿರಲಿಲ್ಲ. ತಲೆಗೆ ಕೊಟ್ಟ ವಿಕಿರಣ ಮಕ್ಕಳ ಬುದ್ಧಿ, ಬೆಳವಣಿಗೆಗಳ ಮೇಲೆ ಪರಿಣಾಮ ಬೀರುತ್ತೆ ಅಂತ ಆಮೇಲೆ ಗೊತ್ತಾಯಿತು. ವಿಕಿರಣ ಬಿಟ್ಟೂ ವಾಸಿ ಮಾಡಬಹುದು ಅಂತ ಅದೇ ಆಸ್ಪತ್ರೆ 2009ರಲ್ಲಿ ತೋರಿಸಿತು.

*

ಹಾಗಾದ್ರೆ ಮೆಂಫಿಸ್‌ನಲ್ಲಿ 1970ಕ್ಕೇ ಗೊತ್ತಿದ್ದದ್ದು ನಮಗೆ ಬರೋಕೆ 1984 ಯಾಕಾಯಿತು?

ಔಷಧಿಯ ಹೆಸರುಗಳು ನಮ್ಮ ಡಾಕ್ಟರುಗಳಿಗೂ ಗೊತ್ತಿದ್ದವು. ಆದ್ರೆ ಕೀಮೋ ಮಗುವಿನ ರೋಗನಿರೋಧಕ ಶಕ್ತಿಯನ್ನ ನೆಲಕ್ಕಿಳಿಸುತ್ತೆ. ಆ ಹೊತ್ತಿಗೆ ಜ್ವರ ಬಂದರೆ ಗಂಟೆಗಳಲ್ಲಿ ಆಂಟಿಬಯಾಟಿಕ್ ಹೋಗಬೇಕು, ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಇರಬೇಕು. ಮೆಂಫಿಸ್‌ನ ಪಟ್ಟಿಯನ್ನ ಹಾಗೇ ತಂದು ಅರೆಹೊಟ್ಟೆಯ ಮಗುವಿಗೆ ಕೊಟ್ಟರೆ ಕ್ಯಾನ್ಸರಿಗಿಂತ ಮೊದಲು ಚಿಕಿತ್ಸೆಯೇ ಕೊಲ್ಲುತ್ತೆ. ಮೈಯಲ್ಲಿ ಫೋಲೇಟ್ ಮೊದಲೇ ಕಡಿಮೆ ಇರೋ ಮಗುವಿಗೆ ಫೋಲೇಟ್ ತಡೆಯೋ ಮದ್ದು ಕೊಡೋದು ಅಂದ್ರೆ ಸುಮ್ನೆ ಅಲ್ಲ, ಲೂಸಿ ವಿಲ್ಸ್ ನೋಡಿದ ಕೊರತೆಯೂ ಸುಬ್ಬರಾವ್ ಮಾಡಿದ ಮದ್ದೂ ಒಂದೇ ಮೈಯಲ್ಲಿ ಎದುರಾಗ್ತವೆ. ಎಂಸಿಪಿ-841 ಅನ್ನು ಅಮೆರಿಕದ ಇಯಾನ್ ಮಗ್ರಾತ್ ಜೊತೆ ಸೇರಿ ಭಾರತದ ಡಾಕ್ಟರುಗಳು ಇಲ್ಲಿಗೆ ಒಗ್ಗೋ ಹಾಗೆ ರೂಪಿಸಿದರು. ಅಡ್ಯಾರಿನಲ್ಲಿ ವಿ. ಶಾಂತಾ, ಟಾಟಾದಲ್ಲಿ ಸುರೇಶ್ ಅಡ್ವಾಣಿ ಇದರ ಹಿಂದಿದ್ದ ದೊಡ್ಡ ಹೆಸರುಗಳು. 1990ರಿಂದ 1997ರ ನಡುವೆ ಮೂರು ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ 1048 ಮಂದಿಯ ಲೆಕ್ಕ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಎದ್ದು ಕಾಣೋ ಒಂದು ವಿಷಯ: ಪಶ್ಚಿಮದ ಮಕ್ಕಳಿಗೆ ಹೋಲಿಸಿದರೆ ನಮ್ಮ ಮಕ್ಕಳು ಆಸ್ಪತ್ರೆಗೆ ಬರೋ ಹೊತ್ತಿಗೇ ಕಾಯಿಲೆ ಹೆಚ್ಚು ಹರಡಿರುತ್ತೆ.

ಆ ಲೆಕ್ಕದಲ್ಲಿ ಇರೋರು ಮುಂಬೈ, ಚೆನ್ನೈ, ದೆಹಲಿ ತಲುಪಿದವರು. ತಲುಪದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಬೆಂಗಳೂರಿನಲ್ಲಿ 1982ರಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ಇದೆ, ಕಿದ್ವಾಯಿ ಆಸ್ಪತ್ರೆ ನಡೆಸುತ್ತೆ. ಅದು ಬೆಂಗಳೂರಿನ ನಿವಾಸಿಗಳದ್ದು. ಮಾನ್ವಿಯಲ್ಲೋ ದೇವದುರ್ಗದಲ್ಲೋ "ರಕ್ತ ಕಡಿಮಿ ಆಗಿ" ತೀರಿಕೊಂಡ ಮಗು ಅದರಲ್ಲಿ ಬರಲ್ಲ.

ಇಲ್ಲಿ ಸ್ವಲ್ಪ ಭೂಪಟದ ವಿಷಯ ಹೇಳಬೇಕು. ಹೈದರಾಬಾದಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಶುರುವಾಗಿದ್ದು 1955ರಲ್ಲಿ. ಇವತ್ತಿನ ಎಂಎನ್‌ಜೆ. ಆಗ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ, ಅಂದ್ರೆ ಅದು ಮಾನ್ವಿಯವರ ಸ್ವಂತ ರಾಜ್ಯದ ಆಸ್ಪತ್ರೆ. ಮರುವರ್ಷ ನವೆಂಬರ್ 1ಕ್ಕೆ ಭಾಷಾವಾರು ಪ್ರಾಂತ್ಯ ಬಂತು, ಕನ್ನಡದವರು ಕನ್ನಡದ ರಾಜ್ಯ ಸೇರಿದರು. ಸಂತೋಷವೇ. ಆದ್ರೆ ಸುಮಾರು 200 ಕಿಲೋಮೀಟರ್ ದೂರದ ಆಸ್ಪತ್ರೆ ಪರರಾಜ್ಯಕ್ಕೆ ಹೋಯಿತು, ತಮ್ಮ ರಾಜ್ಯದ ಕಿದ್ವಾಯಿ ಹುಟ್ಟೋಕೆ 1973 ಬರಬೇಕಾಯಿತು, ಅದೂ 400 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ. ರಾಯಚೂರಿನಲ್ಲಿ 2007ರಿಂದ ರಿಮ್ಸ್ ಮೆಡಿಕಲ್ ಕಾಲೇಜಿದೆ, ಓಪೆಕ್ ದೇಶಗಳ ನಿಧಿಯ ಹಣದಲ್ಲಿ ಕಟ್ಟಿದ್ದಕ್ಕೆ ಜನ ಓಪೆಕ್ ಆಸ್ಪತ್ರೆ ಅಂತಲೇ ಕರೆಯೋ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿದೆ. ಆದ್ರೂ ಏಮ್ಸ್ ನಮಗೆ ಕೊಡಿ ಅಂತ 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಬೆಂಗಳೂರಿನಲ್ಲಿ ಕೂತು ನೋಡಿದರೆ ಇದು ರಾಜಕೀಯದ ಹಠದ ಹಾಗೆ ಕಾಣಬಹುದು. ನನಗೆ ಹಾಗೆ ಕಾಣಲ್ಲ.

*

ಕೀಮೋದಿಂದ ಆಗದಿದ್ದಾಗ ಏನು? ಕಾಯಿಲೆ ಮರುಕಳಿಸಿದರೆ, ಅಥವಾ ಮೊದಲಿಂದಲೇ ಹಠಮಾರಿ ಜಾತಿಯದಾಗಿದ್ದರೆ, ಮಜ್ಜೆಯನ್ನ ಪೂರ್ತಿ ಸುಟ್ಟು ಬೇರೆಯವರ ಸ್ಟೆಮ್ ಸೆಲ್ ಹಾಕೋದು. ಇದನ್ನ ಸಾಧಿಸಿದ ಡೊನಾಲ್ ಥಾಮಸ್‌ಗೆ 1990ರಲ್ಲಿ ನೊಬೆಲ್ ಬಂತು. ಅವರ ಸಿಯಾಟಲ್ ಕೇಂದ್ರದಲ್ಲಿ ಕಲಿತು ಬಂದ ಸುರೇಶ್ ಅಡ್ವಾಣಿ 1983ರ ಮಾರ್ಚ್‌ನಲ್ಲಿ ಟಾಟಾ ಆಸ್ಪತ್ರೆಯಲ್ಲಿ ಭಾರತದ ಮೊದಲ ಮಜ್ಜೆ ಕಸಿ ಮಾಡಿದರು. ಒಂಬತ್ತು ವರ್ಷದ ಹುಡುಗಿ, ಬೇರೆ ಬಗೆಯ ಲ್ಯುಕೇಮಿಯಾ, ದಾನಿ ಅವಳ ತಮ್ಮ. ಅಡ್ವಾಣಿಯವರಿಗೆ ಎಂಟನೇ ವಯಸ್ಸಿನಲ್ಲಿ ಪೋಲಿಯೋ ಆಗಿತ್ತು. ಗಾಲಿ ಕುರ್ಚಿಯಲ್ಲಿ ಕೂತೇ ಅಷ್ಟೂ ಕೆಲಸ.

ಒಡಹುಟ್ಟಿದವರು ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಅರ್ಧ ಹೊಂದೋ ಅಪ್ಪ ಅಮ್ಮನಿಂದಲೂ ಕಸಿ ಮಾಡ್ತಾರೆ. ಯಾರೂ ಹೊಂದದಿದ್ದರೆ ಅಪರಿಚಿತ ದಾನಿಗಳ ಪಟ್ಟಿ ಹುಡುಕಬೇಕು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇಂಥ ಪಟ್ಟಿಗಳನ್ನ ಇಟ್ಟುಕೊಂಡಿವೆ. ಟೆಕ್ ಪಾರ್ಕುಗಳಲ್ಲಿ, ಕಾಲೇಜುಗಳಲ್ಲಿ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಹೆಸರು ಬರೆಸಿಕೊಳ್ತಾರಲ್ಲ, ಅದೇ. ಆದ್ರೆ ಅಂಗಾಂಶದ ಹೊಂದಾಣಿಕೆ ಒಂದೇ ಸಮುದಾಯ, ಒಂದೇ ಸೀಮೆಯವರಲ್ಲಿ ಸಿಗೋದು ಹೆಚ್ಚು. ಪಟ್ಟಿಯಲ್ಲಿ ಮಾನ್ವಿ, ದೇವದುರ್ಗದ ಕಡೆಯ ಹೆಸರುಗಳು ಇಲ್ಲದಿದ್ದರೆ ಆ ಕಡೆಯ ಮಗುವಿಗೆ ಹೊಂದೋರು ಸಿಗೋದು ಕಷ್ಟ. ಆ ಕಡೆಯಿಂದ ಬಂದು ಇಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡಿರೋರು ಈ ಸಾಲನ್ನ ಇನ್ನೊಂದು ಸಲ ಓದಿ.

ಆಮೇಲೆ ಗುರಿ ಇಟ್ಟು ಹೊಡೆಯೋ ಔಷಧಿಗಳು ಬಂದವು. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಇಬ್ಬರು ಒಂದು ಮೋಟು ಕ್ರೋಮೋಸೋಮ್ ಕಂಡರು. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿರೋದೇ ಇದಕ್ಕೆ ಕಾರಣ ಅಂತ 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಎಎಲ್‌ಎಲ್ ಬಂದ ಮಕ್ಕಳಲ್ಲಿ ನೂರಕ್ಕೆ ಮೂರರಿಂದ ಐದು, ದೊಡ್ಡವರಲ್ಲಿ ಸುಮಾರು ಕಾಲು ಭಾಗ ಈ ಜಾತಿ. ಹಿಂದೆ ಇದು ಮರಣದಂಡನೆಯೇ. ಆ ಅದಲುಬದಲಿನಿಂದ ಹುಟ್ಟೋ ಪ್ರೋಟೀನನ್ನ ತಡೆಯೋ ಇಮಾಟಿನಿಬ್ 2001ರಲ್ಲಿ ಬಂತು. ಕೀಮೋ ಜೊತೆ ಇದನ್ನೂ ಕೊಟ್ಟಾಗ ಮೂರು ವರ್ಷ ಕಾಯಿಲೆಯಿಲ್ಲದೆ ಉಳಿದ ಮಕ್ಕಳು ನೂರಕ್ಕೆ 35 ಇದ್ದದ್ದು 80 ಆದರು. ನಮ್ಮಲ್ಲಿ ಇದರ ಕಥೆ ಕೋರ್ಟಿನಲ್ಲಿ ನಡೆಯಿತು. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ತಿಂಗಳಿಗೆ ಲಕ್ಷಕ್ಕೂ ಹೆಚ್ಚು, ನ್ಯಾಟ್ಕೋದಂಥ ಭಾರತೀಯ ಕಂಪನಿಗಳದ್ದು ಹತ್ತು ಸಾವಿರದೊಳಗೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ಗೆ ಪೇಟೆಂಟ್ ನಿರಾಕರಿಸಿತು. ಅಂದು ಏಪ್ರಿಲ್ ಫೂಲ್ ಆದವರು ಯಾರು ಅಂತ ಹೇಳಬೇಕಿಲ್ಲ.

ಈಗಿನ ಹೊಸ ಸುದ್ದಿ ಕಾರ್-ಟಿ. ರೋಗಿಯ ಟಿ ಕಣಗಳನ್ನೇ ಹೊರತೆಗೆದು, ಕ್ಯಾನ್ಸರ್ ಕಣ ಗುರುತಿಸೋ ಹಾಗೆ ಜೀನ್ ತಿದ್ದಿ, ವಾಪಸ್ ಹರಿಸೋದು. 2012ರಲ್ಲಿ ಎಮಿಲಿ ವೈಟ್‌ಹೆಡ್ ಅನ್ನೋ ಅಮೆರಿಕದ ಪುಟ್ಟ ಹುಡುಗಿ ಇದರಿಂದ ಬದುಕಿದಳು. ಐಐಟಿ ಬಾಂಬೆ ಮತ್ತು ಟಾಟಾ ಸೇರಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ತನ್ನದನ್ನ ಹೊರತಂದಿದೆ, ಸದ್ಯಕ್ಕೆ ಲಿಂಫೋಮಾಗೆ. ಅಮೆರಿಕದಲ್ಲಿ ಮೂರು ನಾಲ್ಕು ಕೋಟಿ ಆಗೋದು ಇಲ್ಲಿ ಕೆಲವು ಹತ್ತು ಲಕ್ಷಗಳಲ್ಲಿ ಆಗುತ್ತೆ. ಕಡಿಮೆಯೇ. ಆದ್ರೆ ಎರಡೆಕರೆ ಹೊಲ ಮಾರಿದರೂ ಆಗದಷ್ಟು ಕಡಿಮೆ. ಇನ್ನೊಂದು ಕಡೆ ಬ್ಲಿನಾಟುಮೊಮಾಬ್ ಅನ್ನೋ ಔಷಧಿ ಕೀಮೋ ಜೊತೆ ಸೇರಿಸಿದಾಗ ಸಾಮಾನ್ಯ ಎಎಲ್‌ಎಲ್ ಮಕ್ಕಳಲ್ಲಿ ಮೂರು ವರ್ಷಕ್ಕೆ ನೂರಕ್ಕೆ 96 ಮಂದಿ ಕಾಯಿಲೆಯಿಲ್ಲದೆ ಉಳಿದರು ಅಂತ 2024ರ ಡಿಸೆಂಬರ್‌ನ ಅಮೆರಿಕದ ವರದಿ. ಅದಿಲ್ಲದೆಯೂ 88ರ ಹತ್ತಿರ ಇತ್ತು ಅನ್ನೋದನ್ನ ಗಮನಿಸಿ. ಆ 88 ಬಂದದ್ದು ಮುಖ್ಯವಾಗಿ ಸುಬ್ಬರಾವ್ ಕಾಲದ, ಎಲಿಯನ್ ಕಾಲದ, ಕಾಶಿ ಕಣಗಿಲೆಯ ಔಷಧಿಗಳಿಂದ.

*

ಈಗ ನೀರಮಾನ್ವಿಗೆ ಬರೋಣ. ಯಲ್ಲಮ್ಮನ ಗುಡಿಯ ಊರು, ರಾಯಚೂರಿನಿಂದ ಒಂದು ತಾಸಿನ ಬಸ್ ದಾರಿ. ಅಲ್ಲಿನ ಒಂದು ಮನೆಯ ನಾಲ್ಕು ವರ್ಷದ ಮಗುವಿಗೆ ಎಎಲ್‌ಎಲ್ ಅಂತ ಗೊತ್ತಾಯಿತು ಅಂದುಕೊಳ್ಳಿ.

ದುಡ್ಡಿನ ವಿಷಯ ಮೊದಲಿಗಿಂತ ವಾಸಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನ ಸರ್ಕಾರ ಶುರು ಮಾಡಿದ್ದೇ ಗುಲ್ಬರ್ಗಾ ವಿಭಾಗದಿಂದ. ರಾಯಚೂರೂ ಅದರಲ್ಲಿತ್ತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳಿಗೆ ಆಸ್ಪತ್ರೆಯಲ್ಲಿ ದುಡ್ಡು ಕೊಡೋದು ಬೇಕಿಲ್ಲ. ಯೋಜನೆ ಬಂದ ಮತ್ತು ಬಾರದ ಹಳ್ಳಿಗಳನ್ನ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಬಡ ಕುಟುಂಬಗಳಲ್ಲಿ ಈ ಕಾಯಿಲೆಗಳ ಸಾವು 64% ಕಡಿಮೆ. ಈಗ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದೊಳಗೆ ಸೇರಿದೆ. ಕರ್ನಾಟಕದ ಆರೋಗ್ಯ ಚರಿತ್ರೆಯಲ್ಲಿ ಇಷ್ಟು ದೊಡ್ಡದು, ಇಷ್ಟು ಕಡಿಮೆ ಸದ್ದು ಮಾಡಿದ್ದು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಕಾರ್ಡು ಔಷಧಿಯ ದುಡ್ಡು ಕಟ್ಟುತ್ತೆ. ಕ್ಯಾಲೆಂಡರನ್ನ ಕಟ್ಟಲ್ಲ. ಮೊದಲ ನಾಲ್ಕೈದು ವಾರ ಮಗು ಆಸ್ಪತ್ರೆಯಲ್ಲೋ ಅದರ ಪಕ್ಕದಲ್ಲೋ ಇರಬೇಕು. ಆಮೇಲೆ ಆರೇಳು ತಿಂಗಳು ಹೆಚ್ಚೂಕಡಿಮೆ ವಾರವಾರ ಇಂಜೆಕ್ಷನ್. ಕೊನೆಯ ಎರಡು ವರ್ಷ ಮನೆಯಲ್ಲೇ ಮಾತ್ರೆ, ಆದ್ರೂ ಆಗಾಗ ರಕ್ತ ಪರೀಕ್ಷೆ, ಬೆನ್ನಿಗೆ ಇಂಜೆಕ್ಷನ್. ಪ್ರತಿ ಸಲ ಮಗುವಿನ ಜೊತೆ ಒಬ್ಬರಾದರೂ ಬರಬೇಕು, ಅವರ ಕೂಲಿ ಹೋಯಿತು. ಊರಲ್ಲಿ ಇನ್ನೊಂದು ಮಗು, ಒಂದು ಎಮ್ಮೆ, ಭತ್ತ ಕೊಯ್ಲಿಗೆ ಬಂದಿರೋ ಹೊಲ. ಮೂರನೇ ತಿಂಗಳಿಗೆ ಮಗು ಮೈಕೈ ತುಂಬಿಕೊಂಡು ಓಡಾಡುತ್ತೆ, ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಒಂದೂ ಕಾಣಲ್ಲ. "ಆರಾಮ್ ಆಗ್ಯಾನಲ್ರಿ, ಇನ್ಯಾಕ ಸೂಜಿ?" ಅಂತ ಅಜ್ಜಿ ಕೇಳಿದರೆ ಅಪ್ಪ ಏನು ಹೇಳಬೇಕು? ಫಾರ್ಬರ್ ಅವರ 10 ಮಕ್ಕಳಿಗೂ ಹೀಗೇ ತಾತ್ಕಾಲಿಕವಾಗಿ ಗುಣ ಕಾಣಿಸಿತ್ತು. ಚಿಕಿತ್ಸೆ ನಡುವೆ ನಿಲ್ಲಿಸೋದು ಇವತ್ತಿಗೂ ಬಡ ದೇಶಗಳಲ್ಲಿ ಈ ಮಕ್ಕಳ ಸಾವಿನ ದೊಡ್ಡ ಕಾರಣಗಳಲ್ಲಿ ಒಂದು. ಮಗು ಹೆಣ್ಣಾದರೆ ಇನ್ನೂ ಕಷ್ಟ. ಭಾರತದ ಆಸ್ಪತ್ರೆಗಳಿಗೆ ಬರೋ ಕ್ಯಾನ್ಸರ್ ಮಕ್ಕಳಲ್ಲಿ ಗಂಡುಮಕ್ಕಳ ಪಾಲು ಸಮಾಜದಲ್ಲಿ ಕಾಯಿಲೆ ಬರೋ ಪ್ರಮಾಣಕ್ಕಿಂತ ಹೆಚ್ಚು ಅಂತ 2023ರ ಅಧ್ಯಯನವೊಂದು ತೋರಿಸಿದೆ.

ಇನ್ನೊಂದು ತಮಾಷೆಯಲ್ಲದ ತಮಾಷೆ. ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಅಪ್ಪಂದಿರು ಬೆಂಗಳೂರಲ್ಲೇ ಇರ್ತಾರೆ. ಗುಳೆ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ಟೋ ಶೆಡ್ಡುಗಳಲ್ಲಿ. ಕಿದ್ವಾಯಿ ಒಂದು ಸಿಟಿ ಬಸ್ಸಿನ ದೂರ. ಆದ್ರೆ ಮಗು ಊರಲ್ಲಿ ಅಜ್ಜಿ ಹತ್ರ ಇರುತ್ತೆ, ಇಲ್ಲಾ ಶೆಡ್ಡಿನಲ್ಲೇ ಧೂಳಿನ ನಡುವೆ ಇರುತ್ತೆ, ಕೀಮೋ ಮಗುವಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಆಸ್ಪತ್ರೆ ಪಕ್ಕದಲ್ಲಿ ಒಂದು ಸ್ವಚ್ಛ ಕೋಣೆ, ಎರಡು ಹೊತ್ತು ಊಟ, ಬಸ್ ಚಾರ್ಜು, ತಪ್ಪಿಸಿಕೊಂಡ ದಿನ ಫೋನ್ ಮಾಡಿ "ಯಾಕ ಬರ್ಲಿಲ್ರಿ?" ಅಂತ ಕೇಳೋ ಒಬ್ಬ ಮನುಷ್ಯ. ಇವು ಯಾವ ಮೆಡಿಕಲ್ ಜರ್ನಲ್ಲಿನ ಮುಖಪುಟಕ್ಕೂ ಬರಲ್ಲ. ಕಾರ್-ಟಿಗೆ ಸಿಗೋ ಚಪ್ಪಾಳೆಯಲ್ಲಿ ನೂರರಲ್ಲಿ ಒಂದು ಪಾಲು ಇವಕ್ಕೆ ಸಿಕ್ಕಿದ್ದರೂ ಸಾಕಿತ್ತು.

ಎಲ್ಲಕ್ಕೂ ಮೊದಲು ಕಾಯಿಲೆ ಗೊತ್ತಾಗಬೇಕು. ಬರ್ಲಿನ್ನಿನ ರುಡಾಲ್ಫ್ ವಿರ್ಕೋ 1840ರ ದಶಕದಲ್ಲಿ ಲ್ಯುಕೇಮಿಯಾ ಅಂತ ಹೆಸರಿಟ್ಟಿದ್ದು ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿ. ಇವತ್ತಿಗೂ ಮೊದಲ ಅನುಮಾನ ಹುಟ್ಟೋದು ಅಲ್ಲೇ. ಎರಡು ವಾರ ದಾಟಿದ ಜ್ವರ, ಬಿಳಿಚಿದ ಮುಖ, ಕಾರಣವಿಲ್ಲದ ನೀಲಿ ಕಲೆ ಅಥವಾ ರಾತ್ರಿ ಎಬ್ಬಿಸೋ ಕಾಲು ನೋವು, ಕತ್ತಿನಲ್ಲಿ ಗಂಟು — ಇವುಗಳಲ್ಲಿ ಎರಡು ಕೂಡಿದರೆ ಸಿಬಿಸಿ ಮಾಡಿಸಬೇಕು, ಅದು ತಾಲೂಕಿನಲ್ಲೇ ಆಗುತ್ತೆ. ಅದರ ಜೊತೆ ಪೆರಿಫೆರಲ್ ಸ್ಮಿಯರ್ ಅಂತ ಕೇಳಿ ಬರೆಸಿಕೊಳ್ಳಬೇಕು. ಒಂದು ಹನಿ ರಕ್ತವನ್ನ ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡೋದು, ರಾಯಚೂರಿನ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಅದು ದಿನನಿತ್ಯದ ಕೆಲಸ. ಸ್ಮಿಯರ್ ಆಗೋ ತನಕ ಯಾರೂ ಮಗುವಿಗೆ ಸ್ಟೆರಾಯ್ಡ್ ಕೊಡದ ಹಾಗೆ ನೋಡಿಕೊಳ್ಳಬೇಕು. ಊರಿನ ಡಾಕ್ಟರು ಜ್ವರ ಇಳಿಯಲಿ ಅಂತ ಹಾಕೋ ಒಂದು ಡೆಕ್ಸೋನಾ ಇಂಜೆಕ್ಷನ್ನಿಗೆ ಲ್ಯುಕೇಮಿಯಾ ಕಣಗಳು ಸ್ವಲ್ಪ ಕಾಲ ಕರಗಿ ಮರೆಯಾಗಬಹುದು, ಮಗು ಗೆಲುವಾಗಬಹುದು, ಸ್ಲೈಡಿನ ಮೇಲೆ ಏನೂ ಕಾಣದೆ ಹೋಗಬಹುದು.